ಹೊಸಬರಿಗೆ ಮಾರ್ಗದರ್ಶಿ: ಬ್ರಿಟನ್ನಿನಲ್ಲಿ ವರ್ಣಭೇದ ಎದುರಾದಾಗ, ಮತ್ತು ನಮಗಿಂತ ಮೊದಲು ಅದನ್ನು ಎದುರಿಸಿದ ಮಹಿಳೆಯರು

ಮನೆ ಹುಡುಕುವುದು, ಬ್ಯಾಂಕ್ ಖಾತೆ ತೆರೆಯುವುದು, ಜಿಪಿ ಎಂಬ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಇವನ್ನೆಲ್ಲ ನಮ್ಮ ಸಂಘವು ಹೊಸದಾಗಿ ಬಂದ ಕುಟುಂಬಗಳಿಗೆ ಮೊದಲ ವಾರದಲ್ಲೇ ಹೇಳಿಕೊಡುತ್ತದೆ. ವರ್ಣಭೇದದ ವಿಷಯ ಮಾತ್ರ ಯಾರಿಗಾದರೂ ಪೆಟ್ಟು ಬಿದ್ದ ಮೇಲೆಯೇ ಮಾತಿಗೆ ಬರುತ್ತದೆ. ಬಂದಾಗಲೂ "ಹೋಗಲಿ ಬಿಡಿ, ನಾವು ಬಂದಿರುವುದು ದುಡಿಯುವುದಕ್ಕೆ" ಎಂಬಲ್ಲಿಗೆ ಮುಗಿದುಹೋಗುತ್ತದೆ. ಹಾಗೆ ಹೇಳುವವರನ್ನು ನಾವು ದೂರುವುದಿಲ್ಲ. ವೀಸಾದ ಜುಟ್ಟು ಕಂಪನಿಯ ಕೈಯಲ್ಲಿರುವಾಗ ಯಾರಿಗಾದರೂ ಹಿಂಜರಿಕೆ ಸಹಜ. ಆದರೆ ಈ ದೇಶದಲ್ಲಿ ಇಂದು ನಮ್ಮ ನೆರವಿಗಿರುವ ಕಾನೂನು ತಾನಾಗಿ ಬಂದದ್ದಲ್ಲ. ಅದನ್ನು ಹಟ ಹಿಡಿದು ಪಡೆದವರಲ್ಲಿ ಅನೇಕರು ನಮ್ಮಂತೆಯೇ ಪರದೇಶದಿಂದ ಬಂದಿಳಿದ ಮಹಿಳೆಯರು. ಅವರು ಯಾವ ದಾರಿ ಹಿಡಿದರು ಎಂಬುದನ್ನು ಅರಿತರೆ, ಇಂದು ನಮಗೆ ಯಾವ ಬಾಗಿಲು ತೆರೆದಿದೆ ಎಂಬುದೂ ಸುಲಭವಾಗಿ ತಿಳಿಯುತ್ತದೆ. ಹೀಗಾಗಿ ಈ ಅಧ್ಯಾಯದಲ್ಲಿ ಚರಿತ್ರೆಯನ್ನೂ ಸಲಹೆಯನ್ನೂ ಬೇರೆ ಬೇರೆ ಮಾಡಿಲ್ಲ.

ಕೆಲಸದ ಜಾಗದಲ್ಲಿ

1963ರವರೆಗೂ ಬ್ರಿಸ್ಟಲ್ ನಗರದ ಬಸ್ಸುಗಳಲ್ಲಿ ಕಪ್ಪು ಮತ್ತು ಏಷ್ಯಾದ ಜನರನ್ನು ಚಾಲಕ, ನಿರ್ವಾಹಕರಾಗಿ ನೇಮಿಸಿಕೊಳ್ಳುತ್ತಿರಲಿಲ್ಲ, ಮತ್ತು ಹಾಗೆ ಮಾಡುವುದು ಕಾನೂನಿಗೆ ವಿರುದ್ಧವೂ ಆಗಿರಲಿಲ್ಲ. ಜನರು ಬಸ್ಸನ್ನು ಬಹಿಷ್ಕರಿಸಿದ ಮೇಲೆ ಆ ನಿರ್ಬಂಧ ಬಿತ್ತು. 1965ರಲ್ಲಿ ಬಂದ ಮೊದಲ ಜನಾಂಗೀಯ ಸಂಬಂಧಗಳ ಕಾಯ್ದೆ ಸಾರ್ವಜನಿಕ ಸ್ಥಳಗಳಿಗಷ್ಟೇ ಅನ್ವಯಿಸುತ್ತಿತ್ತು. ಉದ್ಯೋಗ ಮತ್ತು ವಸತಿ ಅದರ ವ್ಯಾಪ್ತಿಗೆ ಬಂದದ್ದು 1968ರಲ್ಲಿ. ಇಂದು ಇಂಗ್ಲೆಂಡ್, ಸ್ಕಾಟ್‌ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇವೆಲ್ಲವೂ 2010ರ ಸಮಾನತಾ ಕಾಯ್ದೆಯಲ್ಲಿ ಒಂದಾಗಿವೆ. ಉತ್ತರ ಐರ್ಲೆಂಡಿಗೆ ಬೇರೆ ಕಾನೂನಿದೆ.

ಕಾಯ್ದೆ ಒಂದಾದರೆ ಅದನ್ನು ಕೆಲಸಕ್ಕೆ ಹಚ್ಚುವುದು ಇನ್ನೊಂದು. ಇದನ್ನು ತಿಳಿಯಲು ಜಯಾಬೆನ್ ದೇಸಾಯಿಯವರ ಕತೆಗಿಂತ ಒಳ್ಳೆಯ ಪಾಠವಿಲ್ಲ. ಗುಜರಾತಿನಲ್ಲಿ ಹುಟ್ಟಿ, ಟಾಂಜಾನಿಯಾದಲ್ಲಿ ನೆಲೆಸಿ, ಅಲ್ಲಿಂದ ಬ್ರಿಟನ್ನಿಗೆ ಬಂದ ಅವರು ವಾಯವ್ಯ ಲಂಡನ್ನಿನ ಗ್ರನ್‌ವಿಕ್ ಎಂಬ ಫೋಟೋ ಸಂಸ್ಕರಣಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗ್ರಾಹಕರು ಅಂಚೆಯಲ್ಲಿ ಫಿಲ್ಮ್ ರೋಲು ಕಳಿಸಿದರೆ ಚಿತ್ರಗಳು ಅಂಚೆಯಲ್ಲೇ ಮರಳುತ್ತಿದ್ದವು. ಕಾರ್ಮಿಕರಲ್ಲಿ ಬಹುಪಾಲು ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿ ಮಹಿಳೆಯರು. ಕೂಲಿ ಕಡಿಮೆ, ಹೆಚ್ಚುವರಿ ದುಡಿಮೆ ಕಡ್ಡಾಯ, ಶೌಚಾಲಯಕ್ಕೆ ಹೋಗಲೂ ಮೇಲ್ವಿಚಾರಕರ ಅನುಮತಿ ಬೇಕು. 1976ರ ಆಗಸ್ಟ್‌ನಲ್ಲಿ, ಹೊತ್ತು ಮುಗಿದ ಮೇಲೂ ಕೆಲಸ ಮಾಡು ಎಂದಾಗ ಜಯಾಬೆನ್ ತಮ್ಮ ಕೋಟು ಎತ್ತಿಕೊಂಡು ಹೊರನಡೆದರು. ಸೀರೆ ಉಟ್ಟ ಮಹಿಳೆಯರು ಚಳಿ ಮಳೆಗಳಲ್ಲಿ ಕಾರ್ಖಾನೆಯ ಬಾಗಿಲಲ್ಲಿ ನಿಂತ ಆ ಮುಷ್ಕರ 1978ರ ಜುಲೈವರೆಗೆ ನಡೆಯಿತು. ಕ್ರಿಕಲ್‌ವುಡ್‌ನ ಅಂಚೆ ನೌಕರರು ಕಾರ್ಖಾನೆಯ ಟಪಾಲು ಮುಟ್ಟಲು ಒಪ್ಪಲಿಲ್ಲ. 1977ರ ಬೇಸಿಗೆಯಲ್ಲಿ ದೇಶದ ಮೂಲೆಮೂಲೆಯಿಂದ ಗಣಿ ಕಾರ್ಮಿಕರೂ ಸೇರಿದಂತೆ ಸಾವಿರಾರು ಜನ ಬೆಂಬಲಕ್ಕೆ ಬಂದು ನಿಂತರು.

ಮುಷ್ಕರ ಸೋತಿತು. ಕೆಲಸ ಕಳೆದುಕೊಂಡವರಿಗೆ ಕೆಲಸ ಮರಳಿ ಸಿಗಲಿಲ್ಲ, ಯೂನಿಯನ್ನಿಗೆ ಮಾನ್ಯತೆಯೂ ದಕ್ಕಲಿಲ್ಲ. ಇದನ್ನು ಮುಚ್ಚಿಟ್ಟು ಗೆಲುವಿನ ಕತೆಯಂತೆ ಹೇಳುವ ವಾಡಿಕೆ ಇದೆ, ಅದು ನಮಗೆ ಸರಿಕಾಣುವುದಿಲ್ಲ. ಆದರೆ ಏಷ್ಯಾದ ಹೆಣ್ಣುಮಕ್ಕಳು ತಲೆ ತಗ್ಗಿಸಿ ದುಡಿಯುವವರು, ಇವರು ಸಂಘಟನೆಗೆ ಒಗ್ಗುವವರಲ್ಲ ಎಂಬ ನಂಬಿಕೆ ಅಲ್ಲಿ ಮುರಿಯಿತು. ಅದುವರೆಗೆ ವಲಸಿಗರನ್ನು ಅನುಮಾನದಿಂದ ನೋಡುತ್ತಿದ್ದ ಕಾರ್ಮಿಕ ಸಂಘಟನೆಗಳು ಅವರ ಪಕ್ಕದಲ್ಲಿ ನಿಲ್ಲಬೇಕಾಯಿತು.

ಹೊಸಬರಿಗೆ ಇದರಿಂದ ಸಿಗುವ ಮೊದಲ ಸಲಹೆ, ಕೆಲಸಕ್ಕೆ ಸೇರಿದ ಕೂಡಲೇ ನಿಮ್ಮ ವೃತ್ತಿಗೆ ತಕ್ಕ ಯೂನಿಯನ್ನಿನ ಸದಸ್ಯರಾಗಿ ಎಂಬುದು. ವೀಸಾದ ಮೇಲೆ ಬಂದವರಿಗೂ ಈ ಹಕ್ಕಿದೆ. ದಾದಿಯರು, ವೈದ್ಯರು ಹೇಗೋ ಸೇರಿಕೊಳ್ಳುತ್ತಾರೆ; ಸಾಫ್ಟ್‌ವೇರ್‌ನವರು ಮಾತ್ರ ಯೂನಿಯನ್ ಎಂದರೆ ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತಾರೆ. ತೊಂದರೆ ಶುರುವಾದ ಮೇಲೆ ಸೇರಿದರೆ ಹಳೆಯ ಪ್ರಕರಣಕ್ಕೆ ನೆರವು ನೀಡಲು ಯೂನಿಯನ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಶಿಸ್ತುಕ್ರಮದ ಅಥವಾ ದೂರಿನ ವಿಚಾರಣೆಗೆ ಸಹೋದ್ಯೋಗಿಯನ್ನೋ ಯೂನಿಯನ್ ಪ್ರತಿನಿಧಿಯನ್ನೋ ಜೊತೆಗೆ ಕರೆದೊಯ್ಯುವುದು ನಿಮ್ಮ ಕಾನೂನುಬದ್ಧ ಹಕ್ಕು, ಒಬ್ಬರೇ ಹೋಗಬೇಡಿ.

ಎರಡನೆಯದು, ಲಿಖಿತ ದೂರು ಕೊಡುವಾಗ "ನನಗೆ ಅನ್ಯಾಯವಾಗಿದೆ" ಎಂದಷ್ಟೇ ಬರೆಯದೆ, ಇದು ನನ್ನ ಬಣ್ಣ, ರಾಷ್ಟ್ರೀಯತೆ ಅಥವಾ ಮೂಲದ ಕಾರಣದಿಂದ ಆಗಿದೆ ಎಂದು ನೀವು ನಂಬಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಬೇಕು. ನಮ್ಮವರು ಸಂಕೋಚದಿಂದ ಬಿಡುವ ಮಾತು ಇದೇ. ತಾರತಮ್ಯದ ದೂರು ಕೊಟ್ಟದ್ದಕ್ಕಾಗಿ ಉದ್ಯೋಗದಾತರು ಸೇಡು ತೀರಿಸಿಕೊಳ್ಳುವುದನ್ನೂ ಕಾಯ್ದೆ ನಿಷೇಧಿಸುತ್ತದೆ. ಆದರೆ ಆ ರಕ್ಷಣೆ ಸಿಗಬೇಕಾದರೆ ನೀವು ದೂರಿದ್ದು ತಾರತಮ್ಯದ ಬಗ್ಗೆಯೇ ಎಂಬುದು ಕಾಗದದಲ್ಲಿ ಕಾಣಬೇಕು.

ಮೂರನೆಯದು ಗಡುವು. ಉದ್ಯೋಗ ನ್ಯಾಯಮಂಡಳಿಗೆ ಹೋಗುವ ಮೊದಲು ಏಕಾಸ್ ಎಂಬ ಸಂಧಾನ ಸಂಸ್ಥೆಗೆ ತಿಳಿಸುವುದು ಕಡ್ಡಾಯ. ಗ್ರನ್‌ವಿಕ್ ಮುಷ್ಕರದಲ್ಲಿ ಯೂನಿಯನ್ನಿಗೆ ಮಾನ್ಯತೆ ಕೊಡಬೇಕೆಂದು ಶಿಫಾರಸು ಮಾಡಿ, ಕಡೆಗೆ ನ್ಯಾಯಾಲಯದಲ್ಲಿ ಕಂಪನಿಯೆದುರು ಸೋತದ್ದೂ ಇದೇ ಸಂಸ್ಥೆ. ಘಟನೆ ನಡೆದು 3 ತಿಂಗಳಿಗೆ ಒಂದು ದಿನ ಕಡಿಮೆ ಇರುವಷ್ಟರೊಳಗೆ ಅಲ್ಲಿಗೆ ತಿಳಿಸಬೇಕೆಂಬುದು ಬಹುಕಾಲದಿಂದ ಇರುವ ನಿಯಮ. ಈ ಅವಧಿಯನ್ನು ವಿಸ್ತರಿಸುವ ಬದಲಾವಣೆಯ ಸುದ್ದಿ ನಿಮ್ಮ ಕಿವಿಗೆ ಬಿದ್ದಿರಬಹುದು. ಆದರೂ 3 ತಿಂಗಳೆಂದೇ ಎಣಿಸಿ ನಡೆದುಕೊಳ್ಳುವುದು ಕ್ಷೇಮ. ಕಂಪನಿಯ ಒಳಗಿನ ವಿಚಾರಣೆ ಮುಗಿಯಲೆಂದು ಕಾದು ಕೂತು ಗಡುವು ಮೀರಿಸಿಕೊಂಡವರು ಇದ್ದಾರೆ. ಏಕಾಸ್‌ನ ಸಹಾಯವಾಣಿಯಲ್ಲಿ ಸಿಗುವ ಸಲಹೆಗೆ ಶುಲ್ಕವಿಲ್ಲ.

ವೀಸಾದ ಅಂಜಿಕೆಯ ಬಗ್ಗೆ ಒಂದು ಮಾತು. ದೂರು ಕೊಟ್ಟ ಮಾತ್ರಕ್ಕೆ ವೀಸಾ ರದ್ದಾಗುವುದಿಲ್ಲ. ಕೆಲಸವೇ ಹೋದರೆ ಸ್ಪಾನ್ಸರ್ ಕಂಪನಿ ಗೃಹ ಇಲಾಖೆಗೆ ತಿಳಿಸಬೇಕಾಗುತ್ತದೆ, ಆಗ ಬೇರೆ ಸ್ಪಾನ್ಸರ್ ಹುಡುಕಿಕೊಳ್ಳಲು ಸಾಮಾನ್ಯವಾಗಿ 60 ದಿನಗಳ ಕಾಲಾವಕಾಶ ಸಿಗುತ್ತದೆ. ಆದ್ದರಿಂದ ಸಿಟ್ಟಿನ ಭರದಲ್ಲಿ ರಾಜೀನಾಮೆ ಬರೆಯಬೇಡಿ. ಮೊದಲು ಯೂನಿಯನ್ ಜೊತೆಗೂ ಅಧಿಕೃತ ವಲಸೆ ಸಲಹೆಗಾರರ ಜೊತೆಗೂ ಮಾತನಾಡಿ.

ಬೀದಿಯಲ್ಲಿ, ಬಸ್ಸಿನಲ್ಲಿ, ನೆರೆಯಲ್ಲಿ

1993ರ ಏಪ್ರಿಲ್ 22ರಂದು ಆಗ್ನೇಯ ಲಂಡನ್ನಿನ ಬಸ್ ನಿಲ್ದಾಣವೊಂದರ ಬಳಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಯುವಕನನ್ನು ಬಿಳಿಯ ಯುವಕರ ಗುಂಪು ಕೊಂದಿತು. ಪೊಲೀಸರ ತನಿಖೆ ದಾರಿ ತಪ್ಪಿತು. ಮಗುವಾಗಿದ್ದಾಗ ಜಮೈಕಾದಿಂದ ಬಂದಿದ್ದ ಅವನ ತಾಯಿ ಡೊರೀನ್ ಲಾರೆನ್ಸ್ ಹಾಗೂ ತಂದೆ ಪಟ್ಟುಬಿಡದೆ ಹೋರಾಡಿದ್ದರ ಫಲವಾಗಿ ಸಾರ್ವಜನಿಕ ವಿಚಾರಣೆ ನಡೆದು, 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಹೊರಬಂತು. ಪೊಲೀಸ್ ವ್ಯವಸ್ಥೆಯಲ್ಲೇ ವರ್ಣಭೇದ ಬೇರೂರಿದೆ ಎಂದು ಅದು ಬರೆಯಿತು. ಕೊಲೆಗಾರರಲ್ಲಿ ಇಬ್ಬರಿಗೆ ಶಿಕ್ಷೆಯಾದದ್ದು 2012ರಲ್ಲಿ, ಅಂದರೆ ಸುಮಾರು 19 ವರ್ಷಗಳ ನಂತರ.

ಆ ವರದಿಯ ಒಂದು ಶಿಫಾರಸು ನಮಗೆ ಇಂದಿಗೂ ಬೇಕಾದದ್ದು. ತೊಂದರೆಗೆ ಒಳಗಾದವರಾಗಲಿ, ನೋಡಿದ ಬೇರೆ ಯಾರೇ ಆಗಲಿ ಒಂದು ಘಟನೆಯನ್ನು ವರ್ಣದ್ವೇಷದ್ದೆಂದು ಭಾವಿಸಿದರೆ ಅದನ್ನು ಹಾಗೆಂದೇ ಪರಿಗಣಿಸಬೇಕು ಎಂದು ಅದು ಹೇಳಿತು. ಹಾಗಾಗಿ ದೂರು ಕೊಡುವಾಗಲೇ "ಇದು ವರ್ಣದ್ವೇಷದ ಅಪರಾಧವೆಂದು ನನ್ನ ಭಾವನೆ, ಹಾಗೆಂದೇ ದಾಖಲಿಸಿ" ಎಂದು ಹೇಳಿ. ದಾಖಲಾದ ಮಾತ್ರಕ್ಕೆ ಶಿಕ್ಷೆಯಾಗುವುದಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯ ಬೇಕೇ ಬೇಕು. ಅಪಾಯವಿದ್ದರೆ 999, ಅಪಾಯ ಕಳೆದಿದ್ದರೆ 101, ರೈಲಿನಲ್ಲಿ ಅಥವಾ ನಿಲ್ದಾಣದಲ್ಲಿ ಆದರೆ ರೈಲ್ವೆ ಪೊಲೀಸರ 61016 ಸಂಖ್ಯೆಗೆ ಸಂದೇಶ ಕಳಿಸಬಹುದು. ಭಾಷೆಯ ತೊಡಕಿರುವ ಹಿರಿಯರು ದುಭಾಷಿಯನ್ನು ಕೇಳಬಹುದು.

ಘಟನೆಯಾದ ದಿನವೇ ಬರೆದಿಡಿ. ದಿನಾಂಕ, ವೇಳೆ, ಸ್ಥಳ, ಬಸ್ಸಿನ ಸಂಖ್ಯೆ, ಸಾಕ್ಷಿಗಳ ಹೆಸರು ಇರಲಿ, ಮತ್ತು ಆಡಿದ ಮಾತು ಎಷ್ಟೇ ಹೊಲಸಾಗಿದ್ದರೂ ಅದನ್ನು ಆಡಿದಂತೆಯೇ ಬರೆಯಿರಿ. "ಕೆಟ್ಟದಾಗಿ ಬೈದರು" ಎಂಬ ಸಾರಾಂಶ ತನಿಖೆಯಲ್ಲಿ ಉಪಯೋಗಕ್ಕೆ ಬಾರದು. ಸಿಸಿಟಿವಿ ದೃಶ್ಯಗಳು ಬಹಳ ದಿನ ಉಳಿಯುವುದಿಲ್ಲವಾದ್ದರಿಂದ ಬೇಗ ತಿಳಿಸಬೇಕು.

ಬೀದಿಯಲ್ಲಿ ಎದುರುತ್ತರ ಕೊಡಲೇಬೇಕೆಂದೇನೂ ಇಲ್ಲ. ಜೀವಕ್ಕೆ ಅಪಾಯವಿದ್ದಲ್ಲಿ ಸುಮ್ಮನೆ ದೂರ ಸರಿಯುವುದು ಹೇಡಿತನವಲ್ಲ. ನಂತರದ ದಿನಗಳಲ್ಲಿ ನಿದ್ದೆ ಬಾರದಿರುವುದು, ಅದೇ ದಾರಿಯಲ್ಲಿ ಹೋಗಲು ಅಂಜಿಕೆಯಾಗುವುದು, "ನಾನೇ ಅತಿಯಾಗಿ ಎಣಿಸಿಕೊಂಡೆನೇನೋ" ಎಂದು ಮನಸ್ಸು ಕೊರೆಯುವುದು ಸಾಮಾನ್ಯ. ಇದನ್ನು ಜಿಪಿಗೆ ಹೇಳಿಕೊಳ್ಳಬಹುದು, ಸಂಘದ ಹಿರಿಯರ ಬಳಿಯೂ ಹೇಳಿಕೊಳ್ಳಬಹುದು. ಊರಿನಲ್ಲಿರುವ ತಂದೆತಾಯಿ ಗಾಬರಿಯಾಗುತ್ತಾರೆಂದು ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳಬೇಡಿ.

ಶಾಲೆಯಲ್ಲಿ

ರಾಜ್ಯೋತ್ಸವದ ವೇದಿಕೆಯ ಮೇಲೆ ಮಗಳಿಗೆ ಕಿತ್ತೂರು ಚೆನ್ನಮ್ಮನ ವೇಷ ಹಾಕಿಸಿ, ಕೈಗೆ ಕತ್ತಿ ಕೊಟ್ಟು, ಚಪ್ಪಾಳೆ ತಟ್ಟುವ ನಾವು, ಅದೇ ಮಗಳು ಶಾಲೆಯಲ್ಲಿ ತನ್ನ ಬಣ್ಣವನ್ನು ಆಡಿಕೊಂಡರೆಂದು ಅಳುತ್ತ ಬಂದರೆ "ಟೀಚರಿಗೆ ಹೇಳಬೇಡ, ಸುಮ್ಮನಿರು" ಎನ್ನುತ್ತೇವೆ. 1824ರಲ್ಲಿ ಕಂಪನಿ ಸರ್ಕಾರಕ್ಕೆ ಮಣಿಯದೆ ನಿಂತವಳ ಹೆಸರು ಹೇಳುವವರಿಗೆ ಇದು ಒಪ್ಪುವ ಮಾತಲ್ಲ. ತರಗತಿಯ ಶಿಕ್ಷಕರಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಮುಖ್ಯ ಶಿಕ್ಷಕರಿಗೆ, ಆಮೇಲೆ ಆಡಳಿತ ಮಂಡಳಿಗೆ ಲಿಖಿತವಾಗಿ ದೂರು ಕೊಡಿ. ದೂರಿನ ಕ್ರಮವನ್ನು ಶಾಲೆಯ ಜಾಲತಾಣದಲ್ಲೇ ನೋಡಬಹುದು. ಮಗುವಿನ ಹೆಸರನ್ನು ಶಿಕ್ಷಕರು ತಮ್ಮ ಅನುಕೂಲಕ್ಕೆ ಮೊಟಕುಗೊಳಿಸಿದರೆ ಅದನ್ನೂ ನಯವಾಗಿ, ಮೊದಲ ವಾರದಲ್ಲೇ ತಿದ್ದಿ.

"ನಾವು ಅವರಂತಲ್ಲ" ಎನ್ನುವ ಮೊದಲು

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. 1941ರಲ್ಲಿ ಅವರು ಅಮೆರಿಕದ ದಕ್ಷಿಣ ಪ್ರಾಂತ್ಯದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ, ಬಿಳಿಯರಿಗೆ ಮೀಸಲಾದ ಬೋಗಿಯಿಂದ ಏಳುವಂತೆ ಟಿಕೆಟ್ ತಪಾಸಣೆಯವನು ಹೇಳಿದ. ಅವರು ಏಳದಿದ್ದಾಗ, ನೀವು ಯಾವ ದೇಶದವರು ಎಂದು ಕೇಳಿದ. ಭಾರತದವಳು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದನ್ನು ಬಲ್ಲ ಕಮಲಾದೇವಿ, ಯಾವ ದೇಶವಾದರೇನು, ನಾನು ಬಿಳಿಯಳಲ್ಲ ಎಂಬುದು ಕಾಣುತ್ತಲೇ ಇದೆ, ಇಲ್ಲಿಂದ ಕದಲುವ ಉದ್ದೇಶ ನನಗಿಲ್ಲ ಎಂಬರ್ಥದ ಉತ್ತರ ಕೊಟ್ಟು ಅಲ್ಲೇ ಕುಳಿತರು.

ಈ ಮಾರ್ಗದರ್ಶಿಯಲ್ಲಿ ಅವರನ್ನು ನೆನೆಯಲು ಕಾರಣವಿದೆ. ನಮ್ಮಲ್ಲಿ ಅನೇಕರು ಮೊದಲ ಅವಮಾನಕ್ಕೆ ಕೊಡುವ ಉತ್ತರ "ನಾವು ಓದಿದವರು, ತೆರಿಗೆ ಕಟ್ಟುವವರು, ಆ ಇತರರಂತಲ್ಲ" ಎಂಬುದು. ಆ ಉತ್ತರ ಅನುಕೂಲದ್ದಾಗಿ ಕಾಣುತ್ತದೆ, ಆದರೆ ಬೀದಿಯಲ್ಲಿ ಬೈಯುವವನು ಪದವಿ ಪತ್ರ ನೋಡಿ ಬೈಯುವುದಿಲ್ಲ. ನಾಟಿಂಗ್ ಹಿಲ್‌ನಲ್ಲಿ 1958ರಲ್ಲಿ ಕಪ್ಪು ಜನರ ಮೇಲೆ ದಾಳಿಯಾದಾಗ ಟ್ರಿನಿಡಾಡ್ ಮೂಲದ ಕ್ಲಾಡಿಯಾ ಜೋನ್ಸ್ ತಮ್ಮ ಪತ್ರಿಕೆಯ ಮೂಲಕ ಜನರನ್ನು ಒಗ್ಗೂಡಿಸಿ, 1959ರ ಜನವರಿಯಲ್ಲಿ ಲಂಡನ್ನಿನಲ್ಲಿ ಕೆರಿಬಿಯನ್ ಉತ್ಸವ ನಡೆಸಿದರು. 1979ರಲ್ಲಿ ಹೀತ್ರೂ ವಿಮಾನ ನಿಲ್ದಾಣದಲ್ಲಿ ಭಾರತೀಯ ಮಹಿಳೆಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ ಹೇಯ ಸಂಗತಿ ಬಯಲಾದಾಗ, ಪ್ರತಿಭಟನೆಗಿಳಿದವರಲ್ಲಿ ಏಷ್ಯಾ ಮತ್ತು ಆಫ್ರಿಕಾ ಮೂಲದ ಮಹಿಳೆಯರು ಒಟ್ಟಿಗಿದ್ದರು. ನಿಮ್ಮ ಬಡಾವಣೆಯಲ್ಲಿ ಸೊಮಾಲಿಯದ, ಪೋಲೆಂಡಿನ, ಬಾಂಗ್ಲಾದೇಶದ ಕುಟುಂಬಗಳಿದ್ದರೆ ಪರಿಚಯ ಮಾಡಿಕೊಳ್ಳಿ. ಸಾಕ್ಷಿ ಹೇಳಲು ಮೊದಲು ಒದಗುವವರು ಅವರೇ.

ಮನೆಯೊಳಗೆ, ನಮ್ಮೊಳಗೆ

1979ರಲ್ಲಿ ಪಶ್ಚಿಮ ಲಂಡನ್ನಿನಲ್ಲಿ ಹುಟ್ಟಿದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆ ಹೊರಗಿನ ವರ್ಣದ್ವೇಷದ ಜೊತೆಗೆ ಮನೆಯೊಳಗಿನ ಹಿಂಸೆಯನ್ನೂ ಪ್ರಶ್ನಿಸಿತು. ಮನೆಯ ಮಾತನ್ನು ಬೀದಿಗೆ ತಂದರೆ ಬಿಳಿಯರು ಆಡಿಕೊಳ್ಳುತ್ತಾರೆ ಎಂದು ಸಮುದಾಯದ ಗಂಡಸರು ಗದರಿದರೂ ಅವರು ಹಿಂದೆಗೆಯಲಿಲ್ಲ. ವರ್ಷಗಟ್ಟಲೆ ಹಿಂಸಿಸಿದ ಗಂಡನನ್ನು ಕೊಂದು 1989ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಕಿರಣ್‌ಜಿತ್ ಅಹ್ಲುವಾಲಿಯಾ, ಈ ಸಂಘಟನೆಯ ಹೋರಾಟದ ನೆರವಿನಿಂದ 1992ರಲ್ಲಿ ಬಿಡುಗಡೆಯಾದರು. ಡಿಪೆಂಡೆಂಟ್ ವೀಸಾದಲ್ಲಿರುವ ಸೋದರಿಯರು ಇದನ್ನು ಗಮನಿಸಬೇಕು: "ದೂರಿದರೆ ನಿನ್ನನ್ನು ವಾಪಸ್ ಕಳಿಸುತ್ತಾರೆ" ಎಂಬ ಗಂಡನ ಬೆದರಿಕೆಯನ್ನು ನಂಬಿ ಸುಮ್ಮನಾಗಬೇಡಿ, ಸಲಹೆ ಪಡೆಯಿರಿ. ರಾಷ್ಟ್ರೀಯ ಕೌಟುಂಬಿಕ ಹಿಂಸೆ ಸಹಾಯವಾಣಿ 0808 2000 247 ಹಗಲಿರುಳೂ ತೆರೆದಿರುತ್ತದೆ, ಕರೆ ಉಚಿತ.

ಜಾತಿಯ ಮಾತೂ ಇಲ್ಲೇ ಬರಬೇಕು. ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ, ಹೊಸಬರೆಲ್ಲ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಅವರ ಜೊತೆಗೆ ಕುಲದ ಹಮ್ಮನ್ನು ಪ್ರಶ್ನಿಸಿ ವಚನ ಬರೆದ ಕಾಳವ್ವೆಯಂತಹ ಶರಣೆಯರನ್ನೂ ನೆನೆದು, ಬಾಡಿಗೆಗೆ ಕೋಣೆ ಕೊಡುವಾಗ, ಪಂಕ್ತಿಯಲ್ಲಿ ಕೂರುವಾಗ ಅಡ್ಡಹೆಸರು ಕೆದಕುವ ಚಾಳಿಯನ್ನು ಬಿಡಬೇಕೆಂದು ಸಂಘ ಸ್ಪಷ್ಟವಾಗಿ ಕೇಳಿಕೊಳ್ಳುತ್ತದೆ. ಜಾತಿ ಎಂಬುದು ಸಮಾನತಾ ಕಾಯ್ದೆಯ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲದಿದ್ದರೂ, ಅದು ಜನಾಂಗೀಯ ಮೂಲದ ಅಡಿಯಲ್ಲಿ ಬರಬಹುದೆಂದು ಮೇಲ್ಮನವಿ ನ್ಯಾಯಮಂಡಳಿ 2014ರಲ್ಲಿ ಹೇಳಿದೆ.

ಮತದಾರರ ಪಟ್ಟಿ

ಪಂಜಾಬಿನ ರಣಜಿತ್ ಸಿಂಗರ ಮೊಮ್ಮಗಳು ಸೋಫಿಯಾ ದುಲೀಪ್ ಸಿಂಗ್ 1910ರ ನವೆಂಬರ್ 18ರಂದು ಮಹಿಳೆಯರ ಮತದಾನದ ಹಕ್ಕಿಗಾಗಿ ಸಂಸತ್ತಿಗೆ ನಡೆದವರ ಸಾಲಿನಲ್ಲಿದ್ದರು. ಮತವಿಲ್ಲದವರು ತೆರಿಗೆ ಏಕೆ ಕಟ್ಟಬೇಕೆಂದು ನಿರಾಕರಿಸಿದಾಗ ಅವರ ಒಡವೆಗಳನ್ನು ಜಪ್ತಿ ಮಾಡಿ ಹರಾಜು ಹಾಕಲಾಯಿತು. ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪ್ರಜೆಗಳಿಗೆ, ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ಬ್ರಿಟಿಷ್ ಪೌರತ್ವವಿಲ್ಲದೆಯೂ ಸಂಸತ್ತಿನ ಮತ್ತು ಸ್ಥಳೀಯ ಚುನಾವಣೆಗಳಲ್ಲಿ ಮತ ಹಾಕುವ ಹಕ್ಕಿದೆ. ಬಂದು ವರ್ಷಗಳಾದರೂ ಇದನ್ನು ಅರಿಯದ ಕುಟುಂಬಗಳು ನಮ್ಮಲ್ಲಿ ಬಹಳ. ಮನೆ ವಿಳಾಸ ಗೊತ್ತಾದ ಕೂಡಲೇ ಸರ್ಕಾರದ ಜಾಲತಾಣದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟು ಹೆಸರು ನೋಂದಾಯಿಸಿ. ಗಂಡ ನೋಂದಾಯಿಸಿದರೆ ಹೆಂಡತಿಯ ಹೆಸರು ತಾನಾಗಿ ಸೇರುವುದಿಲ್ಲ, ಇಬ್ಬರೂ ಬೇರೆ ಬೇರೆಯಾಗಿಯೇ ಅರ್ಜಿ ಹಾಕಬೇಕು. ಮನೆ ಬದಲಿಸಿದಾಗ ಮತ್ತೆ ನೋಂದಾಯಿಸಬೇಕು. ಸಂಸತ್ ಚುನಾವಣೆಯ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಪತ್ರ ಕೇಳುತ್ತಾರೆ, ಅದಕ್ಕೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.