ಒಕ್ಕಣ್ಣನ ಪ್ರೇಮಕಥೆ ಕಟ್ಟಿದ ಬಗೆ

ಚಾರಿತ್ರಿಕ ಪ್ರೇಮಕಾದಂಬರಿಯ ನಾಯಕ ಎಂದರೆ ಕುದುರೆ, ಕತ್ತಿ, ಅಗಲವಾದ ಎದೆ. ನಾನು ಆರಿಸಿಕೊಂಡದ್ದು ಸಿಡುಬಿನಲ್ಲಿ ಎಡಗಣ್ಣು ಕಳೆದುಕೊಂಡ, ನಲವತ್ತು ದಾಟಿದ, ಲೆಕ್ಕ ಬರೆಯುವವನನ್ನು. ಕಾಲ 1830, ಜಾಗ ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿದ್ದ ನಗರ ಸೀಮೆ. ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರರು ಮೊದಲೇ ಮುಚ್ಚಳಿಕೆ ಬರೆದುಕೊಡುತ್ತಿದ್ದ ಶರತ್ತಿನ ಪದ್ಧತಿಯಿಂದ ಬೇಸತ್ತು ರೈತರು ಕೂಟ ಸೇರಿ ದಂಗೆ ಎದ್ದ ವರ್ಷ ಅದು.

ಕಣ್ಣಿಲ್ಲ ಎಂದು ಒಮ್ಮೆ ಹೇಳಿ ಬಿಟ್ಟರೆ ನಾಲ್ಕು ಪುಟದಲ್ಲಿ ಓದುಗರಿಗೂ ಮರೆತುಹೋಗುತ್ತದೆ, ಬರೆಯುವವರಿಗೂ. ಹಾಗಾಗಿ ಪ್ರತಿ ದೃಶ್ಯಕ್ಕೂ ಮೊದಲು ಯಾರು ಅವನ ಯಾವ ಮಗ್ಗುಲಲ್ಲಿದ್ದಾರೆ ಎಂದು ಗುರುತು ಹಾಕಿಕೊಂಡೆ. ಒಂದೇ ಕಣ್ಣಿದ್ದವರಿಗೆ ಹತ್ತಿರದ ಅಳತೆ ತಪ್ಪುತ್ತದೆ; ಅವನು ಚೊಂಬಿನ ಅಂಚನ್ನು ಲೋಟಕ್ಕೆ ತಾಗಿಸಿಯೇ ನೀರು ಬಗ್ಗಿಸುತ್ತಾನೆ. ಎಡದಿಂದ ಬಂದವರನ್ನು ನೋಡಲು ಇಡೀ ಕತ್ತು ಹೊರಳಿಸಬೇಕು. ನಾಯಕಿ ಮೊದಮೊದಲು ಬೇಕೆಂದೇ ಅವನ ಎಡಕ್ಕೆ ಕೂರುತ್ತಾಳೆ, ಅವನಿಗೆ ಕಾಣದ ಹಾಗೆ ಅವನನ್ನು ನೋಡಬಹುದಲ್ಲ. ಆಮೇಲೆ ಬಲಕ್ಕೆ ಬಂದು ಕೂತದ್ದನ್ನು ಒಂದೇ ಸಾಲಿನಲ್ಲಿ ಹೇಳಿದರೆ ಸಾಕು, ಪ್ರೇಮ ನಿವೇದನೆಗೆಂದು ಬೇರೆ ಪುಟ ಬರೆಯುವುದೇ ತಪ್ಪುತ್ತದೆ.

ಕಣ್ಣಿಗಿಂತ ಮುಖ್ಯವಾದ ಊನ ನಡತೆಯದು. ಅವನು ಸುಳ್ಳು ಲೆಕ್ಕ ಬರೆದವನು. ಇದಕ್ಕೆ ಕಡತವೇ ಆಧಾರ: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುವ ಪುಸ್ತಕ. ಬರೆದದ್ದನ್ನು ಅಳಿಸಬಹುದು. ನಾಯಕಿಯ ತಮ್ಮನ ಅಡಿಕೆ ತೋಟದ ಬಾಕಿ 12 ಹಣ (ಆಗಿನ ಸಣ್ಣ ನಾಣ್ಯ) ಇದ್ದದ್ದನ್ನು ಅವನು ಒರೆಸಿ 32 ಮಾಡಿದ್ದಾನೆ. ಹತ್ತು ಕಂಠೀರಾಯಿ ಹಣಕ್ಕೆ ಒಂದು ವರಹ, ಅಂದರೆ ಎರಡು ವರಹದ ದ್ರೋಹ. ಮೊತ್ತ ಸಣ್ಣದಿರಬೇಕು. ಸಾವಿರಾರು ವರಹವಾದರೆ ಅವನು ಖಳನಾಗುತ್ತಾನೆ. ಎರಡು ವರಹವಾದರೆ ಮೇಲಿನವರಿಗೆ ಹೆದರಿದ ಗುಮಾಸ್ತನಾಗಿಯೇ ಉಳಿಯುತ್ತಾನೆ.

ಈ ಗುಟ್ಟು ಓದುಗರಿಗೆ ಮೂರನೆಯ ಅಧ್ಯಾಯದಲ್ಲೇ ಗೊತ್ತಾಗಬೇಕು, ನಾಯಕಿಗೆ ಅರ್ಧ ದಾಟಿದ ಮೇಲೆ. ಇಬ್ಬರಿಗೂ ಕೊನೆಯಲ್ಲಿ ಒಟ್ಟಿಗೆ ಹೇಳಿದರೆ ಓದುಗರಿಗೆ ಮೋಸಹೋದಂತಾಗುತ್ತದೆ, ಅಷ್ಟು ಹೊತ್ತೂ ಮೆಚ್ಚಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಹಾಗೆಯೇ ಒಂದು ಭಾಷಣ, ಎರಡು ಹನಿ ಕಣ್ಣೀರಿಗೆ ಕ್ಷಮೆ ಸಿಕ್ಕಿದರೆ ಇನ್ನೂರು ಪುಟ ನೀರಲ್ಲಿ ಹೋಮ. ಅವನಿಗೆ ನಷ್ಟ ಆಗಬೇಕು, ಅದೂ ಅವಳು ಒಪ್ಪುವ ಮೊದಲೇ. ಇಲ್ಲಿ ಚರಿತ್ರೆಯೇ ಕೈಹಿಡಿಯಿತು. 1831ರ ಅಕ್ಟೋಬರಿನಲ್ಲಿ ಕಂಪನಿ ಸರ್ಕಾರ ಮೈಸೂರಿನ ಆಡಳಿತ ವಹಿಸಿಕೊಂಡಿತು. ದಂಗೆಯ ಕಾರಣ ಹುಡುಕಲು ಗವರ್ನರ್ ಜನರಲ್ ಬೆಂಟಿಂಕ್ ನೇಮಿಸಿದ ಸಮಿತಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ನನ್ನ ನಾಯಕ ಆ ಸಮಿತಿಯ ಮುಂದೆ ತನ್ನ ಕೈಬರಹವನ್ನೇ ಗುರುತಿಸಿ ಹೇಳುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ. ದಂಗೆಯ ಮುಂದಾಳುಗಳಾದ ಬೂದಿ ಬಸವಪ್ಪ, ತರೀಕೆರೆಯ ಪಾಳೆಯಗಾರರು ದೂರದ ಸುದ್ದಿಯಾಗಿ ಮಾತ್ರ ಬರುತ್ತಾರೆ. ಅವರನ್ನು ಅಂಗಳಕ್ಕೆ ಕರೆದರೆ ಪ್ರೇಮಕ್ಕೆ ಜಾಗವಿರುವುದಿಲ್ಲ.

ಸಾಮಾನು ಸರಂಜಾಮಿನಲ್ಲಿ ಎಚ್ಚರ ಬೇಕು. ಬೆಂಕಿಕಡ್ಡಿ ಇಲ್ಲ, ಚಕಮಕಿ ಕಲ್ಲು. ಸೀಮೆಎಣ್ಣೆ ಇಲ್ಲ, ಹರಳೆಣ್ಣೆ ದೀಪ. ಹೊತ್ತು ಹೇಳಲು ನಿಮಿಷ ಬೇಡ; 24 ನಿಮಿಷಕ್ಕೊಂದು ಗಳಿಗೆ. ಮಲೆನಾಡಿನ ಮಳೆಗೆ ಕಂಬಳಿ ಕೊಪ್ಪೆ.

ನಾಯಕಿ ವಿಧವೆ. ಆಗಲೂ ಅನೇಕ ಸಮುದಾಯಗಳಲ್ಲಿ ಉಡಿಕೆ, ಅಂದರೆ ವಿಧವೆಯ ಮರುಮದುವೆ, ನಡೆಯುತ್ತಿದ್ದುದರಿಂದ ಮದುವೆಗೆ ಸಮಾಜ ಸುಧಾರಕನನ್ನು ಹುಟ್ಟಿಸುವ ಅಗತ್ಯ ಬರಲಿಲ್ಲ. ಅವಳು ಅವನನ್ನು ಕರೆಯುವುದು "ಲೆಕ್ಕದೋರೇ" ಎಂದು. ಉಡಿಕೆಯಾದ ಮೇಲೆ ಗಂಡನ ಹೆಸರು ಹೇಗೂ ಹೇಳುವಂತಿಲ್ಲ, ಲೆಕ್ಕದ ಕೆಲಸವೂ ಹೋಗಿದೆ. ಕೊನೆಯ ಅಧ್ಯಾಯದ ಸಂಭಾಷಣೆಯನ್ನೆಲ್ಲ "ಇಲ್ಲಿ ಕೇಳಿ" ಎಂಬುದರಿಂದಲೇ ನಡೆಸಿದೆ.