ಬಾರ್ ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ವಯಸ್ಸು ಪರಿಶೀಲಿಸುವುದು ಹೇಗೆ?

ಅಬಕಾರಿ ಸನ್ನದಿನ (ಮದ್ಯ ಮಾರಾಟದ ಲೈಸೆನ್ಸಿನ) ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ, ಚಿಕ್ಕಮಗಳೂರಿನ ಕೆಲವು ಬಾರ್ ಮತ್ತು ರೆಸ್ಟೋರೆಂಟ್‌ಗಳ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಮೇಜಿನ ಮೇಲೆ ಆ ಹೊತ್ತಿಗೆ ಕಡತಗಳ ರಾಶಿ ಬೀಳುತ್ತದೆ. ಶುಲ್ಕದ ಚಲನ್, ಬಾಡಿಗೆ ಕರಾರು, ದಾಸ್ತಾನು ಪುಸ್ತಕ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ. ನೌಕರರ ಕಡತದಲ್ಲಿ ಮಾತ್ರ ಆಧಾರ್ ಕಾರ್ಡಿನ ಮಸುಕಾದ ಜೆರಾಕ್ಸ್‌ಗಳಲ್ಲದೆ ಬೇರೇನೂ ಇರುವುದಿಲ್ಲ. ಹದಿನೆಂಟು ಎಂಬ ಸಂಖ್ಯೆ ಎಲ್ಲ ಮಾಲೀಕರಿಗೂ ಗೊತ್ತು. ಆ ಹದಿನೆಂಟನ್ನು ಯಾವ ಕಾಗದ ಸಾಬೀತುಪಡಿಸುತ್ತದೆ ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ಮೊದಲು ಕೆಲಸ ಯಾವುದೆಂದು ನಿರ್ಧರಿಸಿಕೊಳ್ಳಿ. ಬಾಲನ್ಯಾಯ ಕಾಯ್ದೆ, 2015ರ 78ನೇ ಕಲಮಿನ ಪ್ರಕಾರ, ಹದಿನೆಂಟು ತುಂಬದವರನ್ನು ಮದ್ಯದ ಮಾರಾಟಕ್ಕಾಗಲಿ, ಸಾಗಣೆಗಾಗಲಿ, ಸರಬರಾಜಿಗಾಗಲಿ ಬಳಸಿಕೊಂಡರೆ ಏಳು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇದರಲ್ಲಿ ಸಂಬಳದ ಪ್ರಶ್ನೆಯೇ ಬರುವುದಿಲ್ಲವಾದ್ದರಿಂದ, ಕಾಲೇಜು ರಜೆಯಲ್ಲಿ ಕೌಂಟರಿನಲ್ಲಿ ಕೂರುವ ಮಾಲೀಕರ ಮಗನಿಗೂ ಇದು ಅನ್ವಯಿಸುತ್ತದೆ.

‘ಹುಡುಗ ಅಡುಗೆಮನೆಯಲ್ಲಿ ಮಾತ್ರ ಇರುತ್ತಾನೆ ಸಾರ್’ ಎಂಬ ಸಮಜಾಯಿಷಿಯನ್ನು ನಾನು ಪ್ರತಿ ವರ್ಷ ಕೇಳುತ್ತೇನೆ. ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಯಂತೆ ಹದಿನಾಲ್ಕು ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಹದಿನಾಲ್ಕರಿಂದ ಹದಿನೆಂಟರೊಳಗಿನವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದಾದರೂ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ, ವಿರಾಮದ ಅವಧಿಯೂ ಸೇರಿ ದಿನಕ್ಕೆ ಆರು ಗಂಟೆ ಮೀರುವಂತಿಲ್ಲ. ಬಾರ್ ತುಂಬತೊಡಗುವುದೇ ಸಂಜೆ ಏಳಕ್ಕೆ. ಹತ್ತು ಹೆಜ್ಜೆ ದೂರದ ಟೇಬಲ್‌ನಿಂದ ‘ಎರಡು ಗ್ಲಾಸ್ ತಾರೋ’ ಎಂಬ ಕೂಗು ಬಂದಾಗ, ಸಪ್ಲೈಯರ್ ಬೇರೆ ಕಡೆ ಇದ್ದರೆ, ಪಾತ್ರೆ ತೊಳೆಯುವ ಹುಡುಗನೇ ಟ್ರೇ ಹಿಡಿದು ಹೋಗುತ್ತಾನೆ. ಆದ್ದರಿಂದ ಅಡುಗೆಮನೆ ಬೇರೆ, ಬಾರ್ ಬೇರೆ ಎಂಬ ಲೆಕ್ಕವನ್ನು ಬಿಟ್ಟುಬಿಡುವುದೇ ಲೇಸು.

ಸಪ್ಲೈಯರ್ ಕೆಲಸಕ್ಕೆ ಇಪ್ಪತ್ತೊಂದು ತುಂಬಿದವರನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ರಾಜ್ಯದ 1967ರ ಸನ್ನದು ನಿಯಮಗಳು ಇಪ್ಪತ್ತೊಂದರೊಳಗಿನ ಗ್ರಾಹಕರಿಗೆ ಮದ್ಯ ಮಾರುವುದನ್ನು ನಿಷೇಧಿಸಿರುವಾಗ, ತಾನೇ ಹತ್ತೊಂಬತ್ತರವನಾದ ಸಪ್ಲೈಯರ್ ಬೆಂಗಳೂರಿನಿಂದ ಬಂದ ಪ್ರವಾಸಿಗರ ಗುಂಪನ್ನು ವಯಸ್ಸು ಕೇಳಿ ನಿಲ್ಲಿಸುತ್ತಾನೆಂದು ನಾನಂತೂ ನಂಬುವುದಿಲ್ಲ. ಹಾಗೆಂದು ಕಾನೂನು ತನಗೆ ಬೇಕಾದಷ್ಟು ಎತ್ತರದ ಮಿತಿ ಹಾಕುವಂತೆಯೂ ಇಲ್ಲ: ಮದ್ಯ ಸೇವಿಸುವ ಸ್ಥಳದಲ್ಲಿ ಇಪ್ಪತ್ತೈದರೊಳಗಿನ ಗಂಡಸರನ್ನೂ ಯಾವ ವಯಸ್ಸಿನ ಹೆಂಗಸರನ್ನೂ ನೇಮಿಸಬಾರದೆಂದಿದ್ದ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಕಲಮನ್ನು ದೆಹಲಿ ಹೈಕೋರ್ಟ್ ಅಸಿಂಧುಗೊಳಿಸಿತ್ತು, 2007ರ ಡಿಸೆಂಬರ್‌ನಲ್ಲಿ ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇನ್ನು ಕಾಗದಪತ್ರದ ವಿಷಯ. ಇಲ್ಲಿ ಅವಸರ ಬೇಡ. ವಯಸ್ಸಿನ ಬಗ್ಗೆ ವಿವಾದವೆದ್ದಾಗ ಯಾವ ದಾಖಲೆಯನ್ನು ಮೊದಲು ನೋಡಬೇಕೆಂಬುದನ್ನು ಬಾಲನ್ಯಾಯ ಕಾಯ್ದೆಯ 94ನೇ ಕಲಮು ಹೇಳುತ್ತದೆ: ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿಯಂಥ ಪರೀಕ್ಷಾ ಮಂಡಳಿಯ ದಾಖಲೆ ಮೊದಲು, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ಈ ಪಟ್ಟಿಯಲ್ಲಿ ಆಧಾರ್ ಇಲ್ಲ. ಆಧಾರ್ ಗುರುತಿನ ದಾಖಲೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ ಎಂದು, ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಇದು ಬರೀ ವಕೀಲರ ತರ್ಕವಲ್ಲ. ನಾನು ಲೆಕ್ಕ ನೋಡುವ ಒಂದು ಬಾರಿಗೆ 2023ರ ಡಿಸೆಂಬರ್‌ನಲ್ಲಿ ಸೇರಿದ ಹುಡುಗನ ಆಧಾರ್‌ನಲ್ಲಿ 01-01-2005 ಎಂದಿತ್ತು. ಜನವರಿ ಒಂದನೇ ತಾರೀಖು ಕಂಡಲ್ಲೆಲ್ಲ ನಾನು ನಿಂತು ನೋಡುತ್ತೇನೆ. ನೋಂದಣಿಯ ವೇಳೆ ದಾಖಲೆಯಿಲ್ಲದೆ ಅಂದಾಜು ವಯಸ್ಸು ಹೇಳಿದವರಿಗೆ ಬೀಳುವ ತಾರೀಖು ಅದು. ಶಾಲೆಯಿಂದ ಟಿ.ಸಿ. ತರಿಸಿದಾಗ ಅದರಲ್ಲಿ, ಅಂಕಿಯಲ್ಲೂ ಅಕ್ಷರದಲ್ಲೂ, 9 ಆಗಸ್ಟ್ 2007 ಎಂದು ಬರೆದಿತ್ತು. ಹದಿನೆಂಟು ದಾಟಿದವನೆಂದುಕೊಂಡಿದ್ದ ಹುಡುಗನಿಗೆ ಆಗ ಹದಿನಾರು ವರ್ಷ ನಾಲ್ಕು ತಿಂಗಳು. ಅವನನ್ನು ಅಂದೇ ಬಾಕಿ ಸಂಬಳ ಕೊಟ್ಟು ಊರಿಗೆ ಕಳುಹಿಸಲಾಯಿತು.

ಆದ್ದರಿಂದ ಟಿ.ಸಿ. ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಪ್ರತಿಯನ್ನು ಕಣ್ಣಾರೆ ನೋಡಿ, ಹೆಸರು ಮತ್ತು ತಂದೆಯ ಹೆಸರನ್ನು ಆಧಾರ್‌ನೊಂದಿಗೆ ತಾಳೆ ನೋಡಿ, ಪ್ರತಿ ತೆಗೆದು ಮೂಲಪ್ರತಿಯನ್ನು ಹಿಂತಿರುಗಿಸಿ. ಕೆಲಸ ಬಿಡಬಾರದೆಂದು ಅದನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಚಾಳಿ ಕೆಟ್ಟದ್ದು. ಛಾಪಾ ಕಾಗದದ ಮೇಲೆ ನೋಟರಿ ಸಹಿ ಹಾಕಿಸಿದ ‘ವಯಸ್ಸಿನ ಅಫಿಡವಿಟ್’ ಬರೀ ದುಡ್ಡು ದಂಡ, ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ ಅಚ್ಚು ಹಾಕಿಸುವ ಮಿರುಗುವ ಪ್ಲಾಸ್ಟಿಕ್ ಆಧಾರ್ ಕಾರ್ಡನ್ನು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡದೆ ಗುರುತಿಗೂ ಒಪ್ಪಬೇಡಿ.

ತೋಟದ ಲೈನುಗಳಿಂದ (ಕೂಲಿಕಾರರ ಸಾಲುಮನೆಗಳಿಂದ) ಬರುವ ಹೊರರಾಜ್ಯದ ಹುಡುಗರ ವಿಷಯದಲ್ಲಿ ‘ಮೇಸ್ತ್ರಿ ಗ್ಯಾರಂಟಿ’ಯನ್ನು ನೆಚ್ಚಿಕೊಳ್ಳುವುದು ರೂಢಿಯಾಗಿದೆ. ಅಸ್ಸಾಂ ಮತ್ತು ಪಶ್ಚಿಮ ಬಂಗಾಳದಲ್ಲಿ ಹತ್ತನೇ ತರಗತಿ ಪರೀಕ್ಷೆಯ ಪ್ರವೇಶಪತ್ರದಲ್ಲೇ ಜನ್ಮದಿನಾಂಕವಿದ್ದು, ಅಲ್ಲಿ ಅದನ್ನೇ ವಯಸ್ಸಿನ ಪುರಾವೆಯಾಗಿ ಬಳಸುತ್ತಾರೆ. ‘ಅಡ್ಮಿಟ್ ಕಾರ್ಡ್’ ಎಂದು ಕೇಳಿದರೆ ಊರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಡುತ್ತಾರೆ. ಆ ಚಿತ್ರ ಮೊದಲ ನೋಟಕ್ಕೆ ಸಾಕು, ಮೂಲಪ್ರತಿ ಕೈಗೆ ಬರುವವರೆಗೆ ಕೆಲಸ ಕೊಡಬೇಡಿ. ಯಾವ ಕಾಗದವೂ ಇಲ್ಲದವರನ್ನು ಸೇರಿಸಿಕೊಳ್ಳಲೇಬೇಡಿ. ಮೂಳೆ ಪರೀಕ್ಷೆಯ ಫಲಿತಾಂಶವೇ ಎರಡು ವರ್ಷ ಆಚೀಚೆ ಆಗಬಹುದಾದಾಗ, ಮೀಸೆ ನೋಡಿ ವಯಸ್ಸು ಹೇಳುವ ಮಾಲೀಕರ ಅಂದಾಜಿಗೆ ಬೆಲೆಯಿಲ್ಲ.

ದಿನಾಂಕದ ಲೆಕ್ಕ ಸುಲಭ: ಹದಿನೆಂಟನೇ ಹುಟ್ಟುಹಬ್ಬದ ದಿನ ಆರಂಭವಾಗುತ್ತಿದ್ದಂತೆ ಹದಿನೆಂಟು ತುಂಬಿತು, ‘ಹದಿನೆಂಟು ನಡೆಯುತ್ತಿದೆ’ ಎಂದರೆ ತುಂಬಿಲ್ಲವೆಂದೇ ಅರ್ಥ. ನೋಡಿದ ದಾಖಲೆಯ ಹೆಸರು, ಸಂಖ್ಯೆ ಮತ್ತು ನೋಡಿದ ದಿನಾಂಕವನ್ನು ಹಾಜರಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ.

ಶನಿವಾರ, ಭಾನುವಾರದ ನೂಕುನುಗ್ಗಲಿಗೆಂದು ಎರಡು ದಿನದ ಮಟ್ಟಿಗೆ ಕರೆತರುವ ಕಾಲೇಜು ಹುಡುಗರಿಗೂ, ಮದುವೆಯ ಪಾರ್ಟಿಗೆ ಕೇಟರಿಂಗ್‌ನವರು ಕಳುಹಿಸುವ ಹುಡುಗರಿಗೂ ಇದೇ ಪರಿಶೀಲನೆ ಬೇಕು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲವಾದ್ದರಿಂದ, ನಾನು ನೋಡುವ ಕಡತಗಳಲ್ಲಿ ಅವರಿಗಾಗಿಯೇ ಬೇರೆ ಹಾಳೆಯೊಂದನ್ನು ಸೇರಿಸಿದ್ದೇನೆ.