ಗ್ಲುಟರಾಲ್ಡಿಹೈಡ್ ಇಲ್ಲದೆಯೂ ಜೆಲ್ ನಿಂತಿತು

ಗಾಯದ ಮೇಲೆ ಹಾಕುವ ಜೆಲ್ ಹಾಳೆ ಗಟ್ಟಿಯಾಗೋಕೆ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಬೇಡ, ಫ್ರೀಜರ್ ಒಂದಿದ್ದರೆ ಸಾಕು ಅಂತ ನಾನು ಅಂದಾಗ ಲ್ಯಾಬಿನಲ್ಲಿ ಯಾರೂ ಒಪ್ಪಲಿಲ್ಲ. "ಕೈಲಿ ಎತ್ತಿದರೆ ಹರಿಯುತ್ತೆ, ಬರೆದಿಟ್ಕೊ" ಅಂದರು ಸೀನಿಯರ್. ನಾನು ಹಟ ಹಿಡಿಯೋಕೆ ಕಾರಣವಿತ್ತು. ಗ್ಲುಟರಾಲ್ಡಿಹೈಡ್ ಹಾಕಿದ ಹಾಳೆಗಳು ನೋಡೋಕೆ ಚೆಂದವಿದ್ದವು. ಆದರೆ ಅವುಗಳನ್ನು ನೆನೆಸಿದ ಮೀಡಿಯಂ (ಕೋಶ ಬೆಳೆಸುವ ದ್ರವ) ಕೊಟ್ಟರೆ ಎಲ್‌929 ಎಂಬ, ವಿಷ ಪರೀಕ್ಷೆಗೆ ಬಳಸುವ ಇಲಿಯ ಕೋಶಗಳು ಮರುದಿನಕ್ಕೆ ಮುಕ್ಕಾಲು ಪಾಲು ಸತ್ತಿರುತ್ತಿದ್ದವು. ಎಷ್ಟು ತೊಳೆದರೂ ಅಷ್ಟೇ. ಅದನ್ನು ಹಸಿ ಗಾಯದ ಮೇಲೆ ಇಡೋಕೆ ನನಗೆ ಮನಸ್ಸು ಬರಲಿಲ್ಲ.

ಮೊದಲ ಎರಡು ತಿಂಗಳು ನುಂಗಿದ್ದು ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್), ಹಾಳೆಯ ಮೂಲವಸ್ತುವಾದ ಪಾಲಿಮರ್. ಅಗ್ಗಕ್ಕೆ ಸಿಕ್ಕಿತೆಂದು ತಂದ ಡಬ್ಬ ಅದು. ಆರು ಸಲ ಹೆಪ್ಪುಗಟ್ಟಿಸಿ ಕರಗಿಸಿದರೂ ಗಂಜಿ ಗಂಜಿಯಾಗೇ ಉಳಿಯಿತು. ಲೇಬಲ್ ಓದಿದರೆ 87-89% ಹೈಡ್ರೊಲೈಸ್ಡ್! ಅಂದರೆ ಮೂಲದ ಅಸಿಟೇಟ್ ಗುಂಪುಗಳಲ್ಲಿ ಹತ್ತರಲ್ಲೊಂದಕ್ಕೂ ಹೆಚ್ಚು ಹಾಗೇ ಇವೆ. ಅಷ್ಟೊಂದು ಅಸಿಟೇಟ್ ಉಳಿದಿದ್ದರೆ ಪಾಲಿಮರ್ ಸರಪಳಿಗಳು ಹರಳುಗಟ್ಟಿ ಒಂದನ್ನೊಂದು ಹಿಡಿಯುವುದಾದರೂ ಹೇಗೆ? 99% ತರಿಸಿದೆ, ನಾಲ್ಕು ಪಟ್ಟು ದುಡ್ಡು. ಮೂರನೇ ಸುತ್ತಿಗೇ ಹಾಳೆ ಇಡಿಯಾಗಿ ಬೆರಳಿಗೆ ಎದ್ದುಬಂತು. ಈಗ 10% ಪಿವಿಎ, ಐದು ಸುತ್ತು, -20 ಡಿಗ್ರಿಗೆ ರಾತ್ರಿಯಿಡೀ. ಕರಗಿಸುವಾಗ ನಾನು ಮಾಡುವ ಒಂದು ಕೆಲಸ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದೊಡ್ಡ ಪೆಟ್ಟು ಬಿದ್ದದ್ದು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ. ಕೈಟೊಸಾನ್ (ಸಿಗಡಿ ಚಿಪ್ಪಿನಿಂದ ತೆಗೆಯುವ, ಆಮ್ಲದಲ್ಲಿ ಕರಗಿಸಬೇಕಾದ ವಸ್ತು) ಬೆರೆಸಿದ ಹಾಳೆಯ ಸುತ್ತ ಸ್ಟೆಫಿಲೊಕಾಕಸ್ ಆರಿಯಸ್ ಬೆಳೆಯದೆ 15 ಮಿ.ಮೀ. ಝೋನ್ (ಖಾಲಿ ವಲಯ) ಬಂತು. ಕುಣಿದಾಡಿ ಮನೆಗೆ ಫೋನ್ ಕೂಡ ಮಾಡಿದ್ದೆ. ಆಮೇಲೆ ಕೈಟೊಸಾನ್ ಇಲ್ಲದೆ, ಬರೀ 1% ಅಸಿಟಿಕ್ ಆಮ್ಲ ಸೇರಿಸಿದ ಪಿವಿಎ ಹಾಳೆ ಇಟ್ಟು ನೋಡಿದೆ. ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ಝೋನ್! ಕೊಲ್ಲುತ್ತಿದ್ದದ್ದು ಆಮ್ಲ. ಪಿಎಚ್ 7ಕ್ಕೆ ಬರುವವರೆಗೆ ತೊಳೆದಾಗ ಕೈಟೊಸಾನ್ ಹಾಳೆಯ ಸುತ್ತ ಏನೂ ಉಳಿಯಲಿಲ್ಲ. ನಾಲ್ಕು ತಿಂಗಳ ನೋಟ್‌ಬುಕ್ ಹೋಯಿತು. ಆಮ್ಲದ ಕಂಟ್ರೋಲ್ ಇಡದೆ ಝೋನ್ ತೋರಿಸುವವರನ್ನು ಅವತ್ತಿನಿಂದ ನಾನು ನಂಬುವುದಿಲ್ಲ.

ಹಾಗಾಗಿ ಬ್ಯಾಕ್ಟೀರಿಯಾ ಕೊಲ್ಲೋಕೆ ಬೆಳ್ಳಿಯ ಮೊರೆ ಹೋದೆ. ಸಿಲ್ವರ್ ನೈಟ್ರೇಟ್ ಬೆಲೆ ಕೇಳಿ ಎದೆ ಝಲ್ಲೆಂದಿತು, ಆದರೆ ಒಂದು ಹಾಳೆಗೆ ಹಿಡಿಯುವುದು ಮಿಲಿಗ್ರಾಂ ಲೆಕ್ಕ. ಅದನ್ನು ಕೈಟೊಸಾನ್ ದ್ರಾವಣದಲ್ಲೇ 90 ಡಿಗ್ರಿಗೆ ಕಾಯಿಸಿದರೆ ಜೇನಿನ ಬಣ್ಣ ತಿರುಗುತ್ತದೆ. 410 ನ್ಯಾನೊಮೀಟರ್ ಹತ್ತಿರ ಬೆಳಕು ಹೀರುವ ಪೀಕ್ ಸಿಕ್ಕರೆ ಬೆಳ್ಳಿಯ ನ್ಯಾನೊಕಣಗಳು ಆದವು, ಕೆಲಸ ಆಯಿತು. ಒಮ್ಮೆ ಅವಸರಕ್ಕೆ ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ ತೊಳೆದು ಹಾಳೆಯೆಲ್ಲ ಹಾಲಿನಂತಾಯಿತು. ಅದರಲ್ಲಿ ಬೆಳ್ಳಿಯೊಡನೆ ಸೇರಿ ಬಿಳಿ ಪುಡಿಯಾಗುವ ಕ್ಲೋರೈಡ್ ಇದೆಯೆಂದು ನೆನಪಾಗುವಷ್ಟರಲ್ಲಿ ಹನ್ನೆರಡು ಹಾಳೆ ಕಸಕ್ಕೆ.

ನಡುವೆ ಕೊಡಗಿನ ಜೇನುತುಪ್ಪ ಬೆರೆಸಿ ನೋಡಿದೆ, 20% ದಾಟಿದರೆ ನನ್ನ ಹಾಳೆ ಮೆತ್ತಗಾಯಿತು. ಅರಿಶಿನದ ಕರ್ಕ್ಯುಮಿನ್ ನೀರಿಗೆ ಬೆರೆಯದೆ ತಳದಲ್ಲಿ ಕೂತಿತು. ಜೇನಿನ ಕೆಲಸ ಇನ್ನೂ ಬಿಟ್ಟಿಲ್ಲ.

ತೊಳೆದು ತಟಸ್ಥವಾದ ಬೆಳ್ಳಿ ಹಾಳೆಗೆ ಈಗ ಆರಿಯಸ್ ಮೇಲೆ ಹನ್ನೆರಡು, ಇ. ಕೋಲೈ ಮೇಲೆ ಹತ್ತು ಮಿ.ಮೀ. ಆಸುಪಾಸು. ಕೋಶಗಳು ನೂರಕ್ಕೆ ಎಂಬತ್ತೈದು ಬದುಕಿವೆ. ಎಥಿಕ್ಸ್ ಒಪ್ಪಿಗೆ ಸಿಕ್ಕ ಮೇಲೆ ಇಲಿಗಳ ಗಾಯಕ್ಕೂ ಹಾಕಿದೆವು. ಗಾಜ್ ಬಟ್ಟೆ ಬಿಚ್ಚುವಾಗ ಹೊಸ ಚರ್ಮ ಕಿತ್ತು ರಕ್ತ ಬರುತ್ತಿತ್ತು, ನಮ್ಮ ಹಾಳೆ ತಾನಾಗಿ ಜಾರಿ ಬಂತು. ಹರಿಯುತ್ತೆ ಅಂದಿದ್ದ ಸೀನಿಯರೇ ಅದನ್ನು ಎತ್ತಿ ಹಿಡಿದು ಫೋಟೊ ತೆಗೆದರು.

ಖರ್ಚು ಹಾಳೆಗೆ ಮೂವತ್ತು ರೂಪಾಯಿ ದಾಟಿಲ್ಲ, ಸ್ಟೆರಿಲೈಸೇಶನ್ ಬಿಟ್ಟು. ಹಬೆಯ ಆಟೊಕ್ಲೇವ್‌ಗೆ ಹಾಕಿದರೆ ಕರಗಿ ನೀರಾಗುತ್ತೆ (ಅದನ್ನೂ ಮಾಡಿ ನೋಡಿದ್ದೇನೆ). ಗಾಮಾ ಕಿರಣ ಹಾಯಿಸಲು ಕಳಿಸಿದೆವು, 25 ಕಿಲೋಗ್ರೇ ಡೋಸ್. ಬಣ್ಣ ಸ್ವಲ್ಪ ಕಪ್ಪಾಗಿ ಬಂತು, ಹಾಳೆ ಮೊದಲಿಗಿಂತ ಗಟ್ಟಿಯಾಗಿತ್ತು.